ಕನ್ನಡಕ ಹಂಚುವುದನ್ನು ನಿಲ್ಲಿಸಿದ ಆರು ತಿಂಗಳು

ಲಚ್ಯಾಣದ ಆ ಮನೆಗೆ ನಾನು ಹೋದದ್ದು ಒಂದು ಫೋಟೋ ತೆಗೆಯಲು. ನಮ್ಮ ಟ್ರಸ್ಟಿಗೆ ಹಣ ಕೊಡುತ್ತಿದ್ದ ಪುಣೆಯ ಕಂಪನಿಯವರು ಪ್ರತಿ ವರ್ಷ ಅಂಥ ಫೋಟೋಗಳನ್ನು ಕೇಳುತ್ತಿದ್ದರು. ನಾವು ಉಚಿತವಾಗಿ ಕೊಟ್ಟ ಕನ್ನಡಕ ಹಾಕಿಕೊಂಡು ಜನ ತಮ್ಮ ಕೆಲಸದಲ್ಲಿ ತೊಡಗಿರಬೇಕು, ಮುಖದ ಮೇಲೆ ನಗು ಇರಬೇಕು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಶಿಬಿರ ಮಾಡಿ ಕನ್ನಡಕ ಹಂಚುವುದು ಟ್ರಸ್ಟಿನ ಕೆಲಸ. ಕಣ್ಣು ಪರೀಕ್ಷೆ ಮಾಡುವವಳು ನಾನು.

ಮನೆಯ ಯಜಮಾನ ಐವತ್ತು ದಾಟಿದ ಗೌಂಡಿ. ಗೋಡೆ ಕಟ್ಟುವುದು, ಗಿಲಾವು ಮಾಡುವುದು ಅವರ ಕಸುಬು. ನಾನು ಬರುವ ಸುದ್ದಿ ಗೊತ್ತಿದ್ದುದರಿಂದ ಮುಖ ತೊಳೆದು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ನಮ್ಮ ಕನ್ನಡಕ ಏರಿಸಿಕೊಂಡು ಹೊರಸಿನ ಮೇಲೆ ಕೂತಿದ್ದರು. ಅವರ ಹೆಂಡತಿ ಚಹಾ ತಂದು ಅವರ ಎಡಕ್ಕಿದ್ದ ಸ್ಟೂಲಿನ ಮೇಲಿಟ್ಟರು. ಅವರು ಕಪ್ಪಿಗೆ ಕೈ ಚಾಚಿದರು. ಕೈ ಕಪ್ಪನ್ನು ದಾಟಿ ಹೋಯಿತು, ಹಿಂದಕ್ಕೆ ಬರುವಾಗ ಅದರ ಅಂಚಿಗೆ ತಾಗಿ ಚಹಾ ಚೆಲ್ಲಿತು. ಹೆಂಡತಿ ಸೆರಗಿನಿಂದ ಒರೆಸಿ ಕಪ್ಪನ್ನು ಅವರ ಬಲಗಡೆಗೆ ಇಟ್ಟರು. ಇದು ದಿನದ ರೂಢಿ ಎಂಬುದು ಆಕೆ ಒರೆಸಿದ ರೀತಿಯಲ್ಲೇ ತಿಳಿಯುತ್ತಿತ್ತು. ನಾನು ಫೋನನ್ನು ಚೀಲಕ್ಕೆ ಹಾಕಿದೆ.

ಬಲಗಣ್ಣನ್ನು ಅಂಗೈಯಿಂದ ಮುಚ್ಚಿಕೊಳ್ಳಲು ಹೇಳಿ, ಅವರ ಎಡಗಣ್ಣಿನ ಮುಂದೆ ಎರಡು ಬೆರಳು ಹಿಡಿದೆ. ಎಷ್ಟು ಬೆರಳಿವೆ ಎಂದು ಕೇಳಿದೆ.

“ಎಲ್ಲಿ ಹಿಡದೀರಿ?” ಅಂದರು.

ಚೀಲದಲ್ಲಿ ಸದಾ ಇರುವ ಆಫ್ತಾಲ್ಮೋಸ್ಕೋಪ್ ತೆಗೆದು, ಕತ್ತಲೆಗಾಗಿ ಬಾಗಿಲು ಮುಚ್ಚಿಸಿ ಕಣ್ಣಿನ ಒಳಗೆ ನೋಡಿದೆ. ಕಣ್ಣಿನಿಂದ ಮಿದುಳಿಗೆ ಹೋಗುವ ನರದ ತುದಿ ಆರೋಗ್ಯವಂತರಲ್ಲಿ ಕೇಸರಿ ಮಿಶ್ರಿತ ಗುಲಾಬಿ ಬಣ್ಣದ ಬಿಲ್ಲೆಯಂತೆ ಕಾಣುತ್ತದೆ. ಅವರ ಎಡಗಣ್ಣಿನಲ್ಲಿ ಅದು ಬಿಳಿಚಿ, ನಡುವೆ ಗುಳಿ ಬಿದ್ದಿತ್ತು. ಬಲಗಣ್ಣಿನಲ್ಲೂ ಗುಳಿ ಶುರುವಾಗಿತ್ತು. ಕಣ್ಣಿನ ಒತ್ತಡ ಏರಿ ನರ ಸಾಯುವ ಕಾಯಿಲೆ ಇದು. ನೋವಿಲ್ಲ, ಕೆಂಪಾಗುವುದಿಲ್ಲ. ಹೋದ ದೃಷ್ಟಿ ತಿರುಗಿ ಬರುವುದಿಲ್ಲ. ಬೇಗ ಗೊತ್ತಾದರೆ ಇದ್ದದ್ದನ್ನು ಹನಿ ಔಷಧದಿಂದ ಉಳಿಸಿಕೊಳ್ಳಬಹುದು.

“ಎರಡ ಸಲ ನಿಮ್ಮ ಕಡೇನ ಬಂದೇನ್ರಿ,” ಅಂದರು ಗೌಂಡಿ. ದೂರುವ ದನಿ ಅಲ್ಲ, ನೆನಪು ಮಾಡಿಕೊಡುವ ದನಿ. “ಎಡಗಣ್ಣ ಮಂಜ ಮಂಜ ಕಾಣ್ತೈತಿ ಅಂತ ಹೇಳೇನಿ. ಚಾಳೀಸ ಹಾಕ್ಕೊಂಡ್ರ ಸರಿ ಹೋಗತೈತಿ ಅಂದ್ರಿ. ಹೋಗಲಿಲ್ಲ. ಅದಕ್ಕ ಮರುವರ್ಷ ಬಂದು ಇನ್ನೊಂದು ಇಸ್ಕೊಂಡೆ.”

ಗೋಡೆಯ ಮೊಳೆಗೆ ಸಿಕ್ಕಿಸಿದ್ದ ಶಿಬಿರದ ಎರಡು ಚೀಟಿಗಳನ್ನೂ ತಂದು ತೋರಿಸಿದರು. ಎರಡರ ಮೇಲೂ ನನ್ನ ಸಹಿ ಇತ್ತು.

ಅದು ಹೇಗೆ ತಪ್ಪಿತು ಎಂದು ಹೇಳಬೇಕಾದರೆ ನಮ್ಮ ಶಿಬಿರ ಹೇಗೆ ನಡೆಯುತ್ತಿತ್ತು ಎಂಬುದನ್ನು ಹೇಳಬೇಕು. ಶಾಲೆಯ ಪಡಸಾಲೆಯಲ್ಲಿ ಎರಡು ಸಾಲು. ಒಂದು ಕಡೆ ದೂರದ ಅಕ್ಷರ, ಇನ್ನೊಂದು ಕಡೆ ಹತ್ತಿರದ ಅಕ್ಷರ. ಮೇಜಿನ ಮೇಲೆ ನಂಬರಿನ ಪ್ರಕಾರ ಜೋಡಿಸಿದ ಸಿದ್ಧ ಕನ್ನಡಕಗಳ ಡಬ್ಬಿಗಳು. ಆ ಕನ್ನಡಕಗಳಲ್ಲಿ ಎರಡೂ ಗಾಜಿಗೆ ಒಂದೇ ನಂಬರು. ಹಾಕಿ ನೋಡಿ, ಅಕ್ಷರ ಓದಿದರೆ ಕೊಟ್ಟು ಕಳಿಸುವುದು. ಓದು ಬಾರದವರಿಗೆ ಸೂಜಿಗೆ ದಾರ ಪೋಣಿಸಲು ಕೊಡುತ್ತಿದ್ದೆವು. ಕಂಪನಿ ಹಣ ಕೊಡುತ್ತಿದ್ದುದು ಹಂಚಿದ ಒಂದೊಂದು ಕನ್ನಡಕದ ಲೆಕ್ಕದ ಮೇಲೆ. ಆದ್ದರಿಂದ ಸಾಲು ಬೇಗ ಸಾಗಬೇಕು. ಒಂದೊಂದೇ ಕಣ್ಣು ಮುಚ್ಚಿಸಿ ನೋಡಿದರೆ ಒಬ್ಬೊಬ್ಬರಿಗೆ ಮೂರು ನಾಲ್ಕು ನಿಮಿಷ ಹೆಚ್ಚು ಬೇಕು. ಆ ನಿಮಿಷಗಳನ್ನು ನಾವು ಉಳಿಸಿದ್ದೆವು. ಎರಡೂ ಕಣ್ಣು ತೆರೆದುಕೊಂಡು ಬಲಗಣ್ಣಿನ ಬಲದ ಮೇಲೆ ಗೌಂಡಿ ಸೂಜಿ ಪೋಣಿಸಿ ಹೋಗಿದ್ದರು. ಎರಡು ಸಲವೂ.

ಮರುದಿನ ನಾನೇ ಅವರನ್ನು ವಿಜಯಪುರದ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿ ಹೇಳಿದ್ದು ನಾನು ಊಹಿಸಿದ್ದೇ. ಎಡಗಣ್ಣು ಹೋಗಿತ್ತು. ಬಲಗಣ್ಣಿಗೆ ಜೀವನಪೂರ್ತಿ ದಿನಾ ಹನಿ ಹಾಕಬೇಕಿತ್ತು. ವಾಪಸು ಬರುವಾಗ ಬಸ್ಸಿನಲ್ಲಿ ಅವರು ಒಂದೇ ಮಾತು ಕೇಳಿದರು: ಎತ್ತರದ ಕೆಲಸಕ್ಕೆ ಹೋಗಬಹುದೋ ಇಲ್ಲವೋ. ಬೇಡ ಎಂದೆ.

ಟ್ರಸ್ಟ್ ಕಟ್ಟಿದವರು ವಿಜಯಪುರದಲ್ಲಿ ಬಹಳ ವರ್ಷ ಕಣ್ಣಿನ ಡಾಕ್ಟರಾಗಿದ್ದವರು. ವಯಸ್ಸಾಯಿತೆಂದು ದವಾಖಾನೆ ಮುಚ್ಚಿ ಇದನ್ನು ಶುರು ಮಾಡಿದ್ದರು. ನಾನು ಎರಡೂ ಚೀಟಿಗಳನ್ನು ಅವರ ಮುಂದಿಟ್ಟು ನಡೆದದ್ದನ್ನು ಹೇಳಿದೆ. ಅವರು ಎರಡೂ ಚೀಟಿಗಳ ತಾರೀಖು ಓದಿದರು.

“ಈ ಪದ್ಧತಿ ಹಾಕಿದಾಂವ ನಾನು. ನೀ ಒಬ್ಬಾಕಿನ ಹೊತ್ಕೋಬ್ಯಾಡ,” ಅಂದರು. “ಆದ್ರ ಹಿಂಗ ಇನ್ನ ಎಷ್ಟ ಮಂದಿ ಅದಾರ ಅನ್ನೂದು ನಮಗ ಗೊತ್ತಿಲ್ಲ. ಮೊದಲ ಅದನ್ನ ನೋಡೂಣು.”

ಹಿಂದಿನ ವರ್ಷದ ದಾಖಲೆ ಪುಸ್ತಕ ಹಿಡಿದು ತಾಲ್ಲೂಕಿಗೊಂದರಂತೆ ನಾಲ್ಕು ಹಳ್ಳಿ ಆರಿಸಿದೆವು. ಕನ್ನಡಕ ಪಡೆದ ಪ್ರತಿಯೊಬ್ಬರ ಮನೆಗೂ ಹೋಗುವುದೆಂದು ತೀರ್ಮಾನಿಸಿದೆವು. ಹೊಲದ ಕೆಲಸದ ದಿನಗಳು. ಜನ ಸಿಗುತ್ತಿದ್ದುದು ಬೆಳಗ್ಗೆ ಬುತ್ತಿ ಕಟ್ಟುವ ಹೊತ್ತಿಗೆ, ಇಲ್ಲವೇ ಹೊಲದ ಬದುವಿನ ಮೇಲೆ. ಮಸೂತಿಯಲ್ಲಿ ಉಳ್ಳಾಗಡ್ಡಿ ಹೊಲದ ಹೆಣ್ಣುಮಗಳೊಬ್ಬಳು ಕನ್ನಡಕವನ್ನು ಗೋಡೆಯ ಮಾಡದಲ್ಲಿ ಜೋಪಾನವಾಗಿ ಇಟ್ಟಿದ್ದಳು. ಬಾಗಿ ಕಸ ತೆಗೆಯುವಾಗ ಜಾರಿ ಬೀಳುತ್ತದಂತೆ. ಇನ್ನೊಬ್ಬರ ಕನ್ನಡಕದ ಸ್ಕ್ರೂ ಉದುರಿ ಕಡ್ಡಿ ಕಳಚಿತ್ತು. ಅದನ್ನು ದಾರದಿಂದ ಕಟ್ಟಿದ್ದರು, ಗಾಜು ಓರೆಯಾಗಿ ತಲೆ ಸುತ್ತುತ್ತದೆಂದು ಆಮೇಲೆ ಬಿಟ್ಟಿದ್ದರು. ಒಬ್ಬ ಮುದುಕ ಪೇಪರ್ ಓದುವಾಗ ಒಂದು ಕಣ್ಣು ಮುಚ್ಚಿಕೊಳ್ಳುತ್ತಿದ್ದ, ಏಕೆಂದರೆ ಒಂದು ಗಾಜು ಮಾತ್ರ ಅವನಿಗೆ ಹೊಂದುತ್ತಿತ್ತು. ಚೆನ್ನಾಗಿ ಉಪಯೋಗಿಸುತ್ತಿದ್ದವರೂ ಇದ್ದರು, ಅದನ್ನು ಮರೆಮಾಚಬಾರದು. ಆದರೆ ಪೊರೆ ಬಂದ ಕಣ್ಣಿಗೆ ಕನ್ನಡಕ ಕೊಟ್ಟು ಕಳಿಸಿದ್ದು ಹಲವು ಕಡೆ ಕಂಡಿತು. ಗೌಂಡಿಗೆ ಬಂದಿದ್ದ ಕಾಯಿಲೆಯ ಶಂಕೆ ಇನ್ನೂ ಮೂವರಲ್ಲಿ ಕಂಡಿತು. ಆ ಮೂವರನ್ನು ವಿಜಯಪುರಕ್ಕೆ ಕಳಿಸಿದೆವು, ಅವರ ಕಣ್ಣುಗಳು ಇನ್ನೂ ಉಳಿಸಬಹುದಾದ ಹಂತದಲ್ಲಿದ್ದವು. ನಾಲ್ಕನೆಯ ಹಳ್ಳಿ ತಂಗಡಗಿಯ ಕೊನೆಯ ಮನೆಯಿಂದ ಹೊರಗೆ ಬಂದಾಗ ಇನ್ನು ಹಳೆಯ ರೀತಿಯಲ್ಲಿ ನಾನು ಒಂದು ಕನ್ನಡಕವನ್ನೂ ಕೊಡಲಾರೆ ಎಂಬುದು ನನಗೆ ಖಚಿತವಾಗಿತ್ತು.

ನಾವು ಹೊಸ ಯೋಜನೆ ಬರೆದೆವು. ಒಂದೊಂದು ಕಣ್ಣಿನದೂ ಬೇರೆ ಪರೀಕ್ಷೆ, ನಲವತ್ತು ದಾಟಿದವರಿಗೆಲ್ಲ ಕಣ್ಣಿನ ಒತ್ತಡ ಅಳೆಯುವುದು, ಅಳತೆಗೆ ಕೊಯ್ದು ಕೂರಿಸಿದ ಗಾಜು, ಮುರಿದರೆ ರಿಪೇರಿ, ಆಸ್ಪತ್ರೆಗೆ ಹೋಗಬೇಕಾದವರನ್ನು ಕರೆದೊಯ್ಯುವುದು. ಹಣ ಅಷ್ಟೇ ಸಾಕು, ಆದರೆ ಕನ್ನಡಕಗಳ ಸಂಖ್ಯೆ ಬಹಳ ಇಳಿಯುತ್ತದೆ ಎಂದು ಸ್ಪಷ್ಟವಾಗಿ ಬರೆದೆವು.

ಕಂಪನಿಯ ಅಧಿಕಾರಿಯೊಬ್ಬರು ಇಂಡಿಯ ನಮ್ಮ ಕಚೇರಿಗೆ ಬಂದರು. ಬೆಳಗಾವಿ ಕಡೆಯ ಹೆಣ್ಣುಮಗಳು. ನಾವು ಬರೆದದ್ದನ್ನು ಪೂರ್ತಿ ಓದಿಕೊಂಡೇ ಬಂದಿದ್ದರು, ಗೌಂಡಿಯ ವಿಷಯ ಎರಡು ಸಲ ಕೇಳಿ ತಿಳಿದುಕೊಂಡರು. ಆದರೂ ಮೇಲಿನವರಿಗೆ ಬೇಕಾದದ್ದು ಸಂಖ್ಯೆ ಎಂದು ನೇರವಾಗಿ ಹೇಳಿದರು. ಈ ವರ್ಷದ ಶಿಬಿರಗಳನ್ನು ಮೊದಲು ಒಪ್ಪಿಕೊಂಡಂತೆ ಮುಗಿಸಿ, ಮುಂದಿನದನ್ನು ಆಮೇಲೆ ನೋಡೋಣ ಎಂಬುದು ಅವರ ಸಲಹೆ. ಅವರು ಕೆಟ್ಟವರಾಗಿರಲಿಲ್ಲ. ಅವರ ಕೈಯಲ್ಲಿ ಇದ್ದದ್ದು ಅಷ್ಟೇ.

ಅವರು ಹೋದ ಮೇಲೆ ಡಾಕ್ಟರು ಕಾಗದ ತೆಗೆದುಕೊಂಡು ಹಳೆಯ ಷರತ್ತಿನ ಮೇಲೆ ನಾವು ಮುಂದುವರಿಯಲಾರೆವು ಎಂದು ಬರೆದರು. ಸಹಿ ಹಾಕುವ ಮುನ್ನ ಪೆನ್ನು ಕೆಳಗಿಟ್ಟರು.

“ಇದಕ್ಕ ಸಹಿ ಬಿದ್ರ ಎರಡು ತಿಂಗಳ ಆದ ಮ್ಯಾಲ ನಿನ್ನ ಪಗಾರ ನಿಲ್ತೈತಿ. ಮನ್ಯಾಗ ಕೇಳಿಕೊಂಡು ನಾಳೆ ಹೇಳು.”

ಇಬ್ಬರ ಸಂಬಳದ ಮೇಲೆ ನಡೆಯುವ ಸಂಸಾರ ನನ್ನದು. ಮನೆಯಲ್ಲಿ ಕೇಳಬೇಕಿತ್ತು ನಿಜ. ಆದರೆ ಕೇಳಿ ಬಂದರೆ ನಾಳೆ ನನ್ನ ಮನಸ್ಸು ಬದಲಾಗಬಹುದು ಎಂದು ನನಗೆ ಭಯವಿತ್ತು.

“ಹಾಕ್ರಿ ಸರ್,” ಅಂದೆ.

ಹಣ ನಿಂತಿತು. ನಮ್ಮ ಜೊತೆ ಶಿಬಿರದಲ್ಲಿ ದಾಖಲೆ ಬರೆಯುತ್ತಿದ್ದ ಇಬ್ಬರಲ್ಲಿ ಒಬ್ಬರು ವಿಜಯಪುರದ ಕನ್ನಡಕದ ಅಂಗಡಿಗೆ ಸೇರಿಕೊಂಡರು. ಅವರನ್ನು ತಡೆಯುವ ಮುಖ ನಮಗೆ ಇರಲಿಲ್ಲ.

ಸಿಂದಗಿ ತಾಲ್ಲೂಕಿನ ಒಂದು ಹಳ್ಳಿಗೆ ಶಿಬಿರ ರದ್ದಾದ ಸುದ್ದಿ ಸರಿಯಾಗಿ ಮುಟ್ಟಿರಲಿಲ್ಲ. ಶಾಲೆಯ ಹೆಡ್‌ಮಾಸ್ತರರು ಡಂಗುರ ಹೊಡೆಸಿಬಿಟ್ಟಿದ್ದರು. ನಾನು ಹೋಗುವಷ್ಟರಲ್ಲಿ ಪಡಸಾಲೆ ತುಂಬಿತ್ತು. ಇವತ್ತು ಪರೀಕ್ಷೆ ಮಾಡುತ್ತೇನೆ, ಆದರೆ ಕನ್ನಡಕ ಕೊಡುವುದಿಲ್ಲ ಎಂದಾಗ ಗದ್ದಲವೆದ್ದಿತು. ಕೂಲಿ ಬಿಟ್ಟು ಬಂದವರಿದ್ದರು. ಡಬ್ಬಿಗಳು ತುಂಬಿ ಕೂತಿರುವಾಗ ಬಡವರಿಗೆ ಇಲ್ಲ ಅನ್ನುವುದು ಯಾವ ನ್ಯಾಯ ಎಂದು ಹೆಡ್‌ಮಾಸ್ತರರು ಎಲ್ಲರ ಮುಂದೆ ನನ್ನನ್ನು ಕೇಳಿದರು. ಡಬ್ಬಿಗಳು ಇಂಡಿಯ ನಮ್ಮ ಕೋಣೆಯಲ್ಲಿ ಇದ್ದದ್ದು ಸುಳ್ಳಲ್ಲ. ಸಂಜೆಯವರೆಗೆ ಒಬ್ಬೊಬ್ಬರ ಒಂದೊಂದು ಕಣ್ಣು ಮುಚ್ಚಿಸಿ ಪರೀಕ್ಷೆ ಮಾಡಿ, ನಂಬರು ಬರೆದ ಚೀಟಿ ಕೊಟ್ಟೆ. ಒಬ್ಬ ಅಜ್ಜಿ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿ, ಇದನ್ನ ಕಣ್ಣಿಗೆ ಹೆಂಗ ಕಟ್ಟಿಕೊಳ್ಳಲಿ ಎಂದು ಕೇಳಿದಳು. ಆಕೆ ಹಾಸ್ಯ ಮಾಡುತ್ತಿರಲಿಲ್ಲ.

ಆ ಪ್ರಶ್ನೆಗೆ ಉತ್ತರ ಎಂದರೆ ಗಾಜು ಕೊಯ್ಯುವುದನ್ನು ನಾವೇ ಕಲಿಯುವುದು. ಡಾಕ್ಟರು ತಮ್ಮ ಮುಚ್ಚಿದ ದವಾಖಾನೆಯ ಯಂತ್ರಗಳನ್ನೆಲ್ಲ ಇಂಡಿಗೆ ಸಾಗಿಸಿದರು. ಸೊಲ್ಲಾಪುರದಲ್ಲಿ ಮುಚ್ಚುತ್ತಿದ್ದ ಒಂದು ಕನ್ನಡಕದ ಅಂಗಡಿಯಿಂದ ಗಾಜು ಅರೆಯುವ ಹಳೆಯ ಯಂತ್ರ ಬಂತು. ಅಲ್ಲಿನ ಹಿರಿಯ ಕಾರೀಗರರ ಬಳಿ ನಾನು ಎರಡು ವಾರ ಕಲಿತೆ. ಎರಡೂ ಕಣ್ಣಿನ ಪಾಪೆಗಳ ನಡುವಿನ ಅಂತರ ಅಳೆದು, ಗಾಜಿನ ಮಧ್ಯಬಿಂದುವಿಗೆ ಗುರುತು ಹಾಕಿ, ಚೌಕಟ್ಟಿನ ಆಕಾರಕ್ಕೆ ಅರೆಯಬೇಕು. ಹೇಳಿದಷ್ಟು ಸುಲಭವಲ್ಲ. ಒತ್ತು ಜಾಸ್ತಿಯಾದರೆ ಅಂಚು ಚಕ್ಕೆ ಏಳುತ್ತದೆ, ಕಮ್ಮಿಯಾದರೆ ಗಾಜು ಚೌಕಟ್ಟಿನಲ್ಲಿ ಕೂರುವುದಿಲ್ಲ. ಮೊದಲ ವಾರ ನಾನು ಹಾಳು ಮಾಡಿದ ಗಾಜುಗಳನ್ನು ಡಾಕ್ಟರು ಒಂದು ಬೋಗುಣಿಯಲ್ಲಿ ಹಾಕಿ ಮೂಲೆಗೆ ಸರಿಸಿದರು.

ಗಾಜು ಒಡೆದರೆ ಇನ್ನೊಂದು ತೆಗೆದುಕೊಳ್ಳಬಹುದು. ಅದಕ್ಕಿಂತ ದೊಡ್ಡ ತಪ್ಪೂ ಆಯಿತು. ಸಿಲಿಂಡರ್ ಎನ್ನುವ ಓರೆ ನಂಬರು ಇರುವ ಗಾಜನ್ನು ಇಂತಿಷ್ಟೇ ಕೋನದಲ್ಲಿ ಕೂರಿಸಬೇಕು. ಅಡ್ಡ ಇರಬೇಕಾದದ್ದನ್ನು ನಾನು ಉದ್ದ ಕೂರಿಸಿ ಅಂಗನವಾಡಿಯ ಒಬ್ಬ ಸಹಾಯಕಿಗೆ ಕೊಟ್ಟುಬಿಟ್ಟಿದ್ದೆ. ಮೂರನೇ ದಿನ ಆಕೆ ಗೋಡೆ ಹಿಡಿದುಕೊಂಡು ಬಂದಳು. ಅಂಗಳ ಮೇಲೆದ್ದು ಬಂದಂತೆ ಕಾಣುತ್ತದೆ ಅಂದಳು. ಆವತ್ತಿನಿಂದ ಕೊಡುವ ಮೊದಲು ಪ್ರತಿ ಕನ್ನಡಕವನ್ನೂ ಇಬ್ಬರು ಬೇರೆ ಬೇರೆಯಾಗಿ ಯಂತ್ರದಲ್ಲಿ ಅಳೆಯಬೇಕು, ಇಬ್ಬರ ಸಹಿಯೂ ಇರಬೇಕು ಎಂಬ ನಿಯಮ ಬಂತು. ಇವತ್ತಿಗೂ ಅದು ಮುರಿದಿಲ್ಲ.

ಕೈ ಪಳಗಿತು. ಆದರೆ ಖರ್ಚೆಲ್ಲ ಡಾಕ್ಟರ ಉಳಿತಾಯದಿಂದ ಹೋಗುತ್ತಿತ್ತು, ಅದು ಎಷ್ಟು ದಿನ ಬಂದೀತು? ದಾರಿ ತೋರಿಸಿದ್ದು ಇಂಡಿಯ ನಿಂಬೆಕಾಯಿ.

ಇಂಡಿಯ ಮಾರುಕಟ್ಟೆಯ ಹತ್ತಿರ ಒಬ್ಬ ದಲಾಲರ ತಗಡಿನ ಶೆಡ್ಡಿನಲ್ಲಿ ಹೆಂಗಸರು ನಿಂಬೆ ವಿಂಗಡಿಸುತ್ತಾರೆ. ಗಾತ್ರ, ಬಣ್ಣ, ಕಲೆ ನೋಡಿ ಬೇರೆ ಬೇರೆ ಗುಂಪಿಗೆ ಹಾಕಬೇಕು. ಕಲೆ ಇದ್ದದ್ದೊಂದು ಚಲೋ ಚೀಲಕ್ಕೆ ಹೋದರೆ ದೂರದ ಪೇಟೆ ಮುಟ್ಟುವಷ್ಟರಲ್ಲಿ ಚೀಲವೇ ಕೆಡುತ್ತದೆ. ನಲವತ್ತು ದಾಟಿದ ಮೇಲೆ ಹತ್ತಿರದ ದೃಷ್ಟಿ ಮಂಕಾಗುತ್ತದೆ, ಕಲೆ ತಪ್ಪುತ್ತದೆ, ದಲಾಲರು ಮರುದಿನ ಬರಬೇಡ ಅನ್ನುತ್ತಾರೆ. ನಾನು ಊಟದ ಬಿಡುವಿನಲ್ಲಿ ಅಲ್ಲಿಗೆ ಹೋಗಿ ಪರೀಕ್ಷೆ ಶುರು ಮಾಡಿದೆ. ಹೆಂಗಸರಿಗೆಲ್ಲ ಮುಂದಾಳಾಗಿದ್ದವಳು ಹಣೆ ತುಂಬ ಕುಂಕುಮ ಇಟ್ಟ, ಗಟ್ಟಿ ದನಿಯ ಹೆಂಗಸು. ಆಕೆಗೆ ಹೊಸ ಕನ್ನಡಕ ಕೂರಿಸಿ, ದುಡ್ಡು ಬೇಡ ಎಂದೆ. ಆಕೆ ತೆಗೆದು ಕೈಗೆ ಕೊಟ್ಟಳು.

“ಪುಕಟ ಬ್ಯಾಡ್ರಿ ಬಾಯಾರ. ಪುಕಟ ಕೊಟ್ಟದ್ದು ಮುರದ್ರ ಯಾರ ಮುಂದ ಹೇಳೂಣು? ರೊಕ್ಕ ಕೊಟ್ರ ನಿಮ್ಮ ಬಾಗಲಾ ಬಡದು ಕೇಳಬಹುದು.”

ಆ ಮಾತು ನನ್ನನ್ನು ಬಹಳ ದಿನ ಬಿಡಲಿಲ್ಲ. ಇಷ್ಟು ವರ್ಷ ನಮ್ಮಿಂದ ಕನ್ನಡಕ ಪಡೆದವರಿಗೆ ನಾವು ಕೇಳುವ ಹಕ್ಕನ್ನು ಮಾತ್ರ ಕೊಟ್ಟಿರಲಿಲ್ಲ. ಗೌಂಡಿ ಎರಡನೇ ಸಲ ಬಂದು ಕೈ ಒಡ್ಡಿ ನಿಂತಿದ್ದರೇ ಹೊರತು, ಮೊದಲನೆಯದು ಏಕೆ ಕೆಲಸ ಮಾಡಲಿಲ್ಲ ಎಂದು ಜಗಳಕ್ಕೆ ನಿಂತಿರಲಿಲ್ಲ.

ದುಡಿಯುವವರು ತಮ್ಮ ಕೈಲಾದಷ್ಟು ಕೊಡಲಿ, ಅದಕ್ಕೆ ಪ್ರತಿಯಾಗಿ ಎರಡು ವರ್ಷ ರಿಪೇರಿ ಮತ್ತು ಮರುಪರೀಕ್ಷೆ ನಮ್ಮ ಹೊಣೆ ಎಂದು ನಾನು ಹೇಳಿದಾಗ ಡಾಕ್ಟರು ಒಪ್ಪಲಿಲ್ಲ. ಬಡವರ ಕೈಯಿಂದ ದುಡ್ಡು ಮುಟ್ಟುವುದಿಲ್ಲ ಎಂದೇ ಅವರು ಟ್ರಸ್ಟ್ ಕಟ್ಟಿದ್ದು. ಬೋರ್ಡಿನ ಮೇಲೆ ದೊಡ್ಡದಾಗಿ ಇದ್ದದ್ದು ‘ಉಚಿತ’ ಎಂಬ ಪದ. ಒಂದು ವಾರ ನಮ್ಮಿಬ್ಬರ ನಡುವೆ ಮಾತು ಕಡಿಮೆಯಾಯಿತು. ಕೊನೆಗೆ ಒಂದು ದಿನ ಅವರೇ ನನ್ನ ಜೊತೆ ಶೆಡ್ಡಿಗೆ ಬಂದು ಮೂಲೆಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು. ಹೆಂಗಸರು ಚೌಕಟ್ಟುಗಳನ್ನು ಹರವಿಕೊಂಡು, ಇದು ಅಗಲ, ಇದು ನನಗೆ ಒಪ್ಪುವುದಿಲ್ಲ, ಆ ಕೆಂಪು ತೋರಿಸು ಎಂದು ಗಲಾಟೆ ಹಚ್ಚಿದ್ದರು. ಒಬ್ಬಾಕೆ ಮೂರು ಸಲ ಬದಲಾಯಿಸಿದಳು. ವಾಪಸು ಬರುವ ದಾರಿಯಲ್ಲಿ ಡಾಕ್ಟರು, “ಇಷ್ಟ ವರ್ಷ ನನ್ನ ಮುಂದ ಯಾರೂ ಬಣ್ಣ ಆರಿಸಿದ್ದಿಲ್ಲ ನೋಡವಾ,” ಅಂದರು. ಮರುದಿನ ಬೋರ್ಡನ್ನು ಇಳಿಸಿದರು.

ಕೊಡಲಾಗದವರಿಗೆ ಮತ್ತು ಶಾಲೆಯ ಮಕ್ಕಳಿಗೆ ಈಗಲೂ ಏನೂ ತೆಗೆದುಕೊಳ್ಳುವುದಿಲ್ಲ. ಆದರೆ ಎಲ್ಲರಿಗೂ ಒಂದೇ ಬಗೆಯ ಚೀಟಿ, ಒಂದೇ ಬಗೆಯ ಡಬ್ಬಿ. ಯಾರು ಕೊಟ್ಟರು, ಯಾರು ಕೊಡಲಿಲ್ಲ ಎಂಬುದು ಹೊರಗೆ ಕೂತವರಿಗೆ ತಿಳಿಯುವುದಿಲ್ಲ. ಹಳೆಯ ಡಬ್ಬಿಗಳಲ್ಲಿದ್ದ ಸಿದ್ಧ ಕನ್ನಡಕಗಳೂ ವ್ಯರ್ಥವಾಗಲಿಲ್ಲ. ಪೂರ್ತಿ ಪರೀಕ್ಷೆಯ ನಂತರ ಎರಡೂ ಕಣ್ಣಿಗೆ ಒಂದೇ ನಂಬರು ಬಂದವರಿಗೆ ಅವೇ ಸಾಕಾದವು.

ಕೆಡುವ ಚೀಲ ಕಡಿಮೆಯಾದದ್ದು ಕಂಡು ದಲಾಲರು ತಮ್ಮ ಶೆಡ್ಡಿನವರ ಕನ್ನಡಕಕ್ಕೆ ಅರ್ಧ ಹಣ ತಾವು ಹಾಕಿದರು. ಆ ಸುದ್ದಿ ಬಸವನ ಬಾಗೇವಾಡಿಯ ದ್ರಾಕ್ಷಿ ಬೆಳೆಗಾರರಿಗೆ ಮುಟ್ಟಿತು. ಗೊಂಚಲಿನಲ್ಲಿ ಹೆಚ್ಚಾದ ಕಾಯಿ ಬಿಡಿಸುವ ಕೆಲಸಕ್ಕೂ ಕಣ್ಣೇ ಬೇಕು. ಅವರು ವಾರಕ್ಕೊಂದು ದಿನ ಒಂದು ಕೋಣೆ ಬಿಟ್ಟುಕೊಟ್ಟರು. ಮುದ್ದೇಬಿಹಾಳದಲ್ಲಿ ನಿವೃತ್ತ ಶಿಕ್ಷಕರ ಒಂದು ಗುಂಪು ಹನಿ ಔಷಧದ ಖರ್ಚು ಹಂಚಿಕೊಂಡಿತು. ಗೌಂಡಿಯ ಹನಿಯೂ ಅದರಲ್ಲೇ ಬರುತ್ತದೆ. ಅವರ ಬಲಗಣ್ಣು ಇದ್ದಲ್ಲೇ ನಿಂತಿದೆ. ಈಗ ನೆಲದ ಮಟ್ಟದ ಕೆಲಸ ಮಾತ್ರ ಒಪ್ಪಿಕೊಳ್ಳುತ್ತಾರೆ. ಸಿಂದಗಿಗೆ ನಾನು ಹಿಂಜರಿಯುತ್ತಲೇ ಹೋದೆ. ಆ ಹಳ್ಳಿಯಲ್ಲಿ ಆವತ್ತು ಚೀಟಿ ಪಡೆದವರಿಗೆಲ್ಲ ಅದೇ ನಂಬರಿನ ಕನ್ನಡಕ ಮಾಡಿಕೊಂಡು ಹೋಗಿದ್ದೆ. ಹೆಡ್‌ಮಾಸ್ತರರು ಒಂದೊಂದನ್ನೂ ಹೆಸರು ಕರೆದು ತಾವೇ ಕೈಗೆ ಕೊಟ್ಟರು. ಆಮೇಲೆ, ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಒಂದು ಕೋಣೆ ನಿಮಗೇ ಎಂದರು.

ಹಳೆಯ ಶಿಬಿರಗಳು ನಿಂತು ಆರು ತಿಂಗಳಾದಾಗ ಕಂಪನಿಯ ಆ ಅಧಿಕಾರಿಯಿಂದ ಒಂದು ದಿನ ಫೋನ್ ಬಂತು. ಈಗ ಎಷ್ಟು ಕನ್ನಡಕ ಕೊಟ್ಟಿರಿ ಎಂದು ಕೇಳಿದರು. ಹಿಂದಿನ ಒಂದೇ ಶಿಬಿರದಲ್ಲಿ ಹಂಚುತ್ತಿದ್ದುದಕ್ಕಿಂತ ಕಡಿಮೆ ಎಂದೆ. ಒತ್ತಡ ಅಳೆಯುವ ಕೈಯಂತ್ರಕ್ಕೆ ತಾವು ಕಂಪನಿಯಲ್ಲಿ ಹಣ ಕೇಳಬಹುದು, ವರದಿ ಹೇಗಿರಬೇಕೆಂದು ನೀವೇ ಬರೆದು ಕಳಿಸಿ ಅಂದರು. ಪರೀಕ್ಷೆ ಮಾಡಿದ ಕಣ್ಣುಗಳು, ಆಸ್ಪತ್ರೆ ಮುಟ್ಟಿದವರು, ವರ್ಷದ ನಂತರವೂ ಕನ್ನಡಕ ಹಾಕಿಕೊಳ್ಳುತ್ತಿರುವವರು. ಈ ಮೂರನ್ನೇ ಬರೆದು ಕಳಿಸಿದೆ. ಯಂತ್ರ ಬಂತು. ನನ್ನ ಪಗಾರವೂ, ಮೊದಲಿಗಿಂತ ಕಡಿಮೆಯಾದರೂ, ತಿಂಗಳಿಗೊಮ್ಮೆ ಬರತೊಡಗಿತು.

ಕೊನೆಗೆ ಟ್ರಸ್ಟಿನ ಪತ್ರವನ್ನೇ ತಿದ್ದಬೇಕಾಯಿತು. ಅದರಲ್ಲಿ ನಮ್ಮ ಉದ್ದೇಶ ‘ಬಡವರಿಗೆ ಉಚಿತ ಕನ್ನಡಕ ವಿತರಣೆ’ ಎಂದಿತ್ತು. ವಕೀಲರು ಹೊಸ ವಾಕ್ಯ ಕೇಳಿದರು. ಡಾಕ್ಟರು ನನ್ನ ಕಡೆ ನೋಡಿದರು. ಬಹಳ ಯೋಚಿಸಿ, ‘ಈ ನಾಲ್ಕು ತಾಲ್ಲೂಕುಗಳ ಜನರ ದೃಷ್ಟಿಯನ್ನು ಕಾಯುವುದು’ ಎಂದು ಬರೆಸಿದೆವು. ವಕೀಲರಿಗೆ ಅದು ಬಹಳ ಚಿಕ್ಕದೆನಿಸಿತು. ನನಗೆ ಅದು ಬಹಳ ದೊಡ್ಡದೆನಿಸಿ ಸ್ವಲ್ಪ ಹೆದರಿಕೆಯಾಯಿತು.

ಸಹಿಯಾದ ಮರುದಿನ ಮುದ್ದೇಬಿಹಾಳದ ಸರದಿ. ತಂಗಡಗಿಯಿಂದ ಒಬ್ಬ ಹೆಣ್ಣುಮಗಳು ಬಸ್ಸು ಹತ್ತಿ ಬಂದಿದ್ದಳು. ಮೂವತ್ತರ ವಯಸ್ಸು, ಗುಡಿಯ ಮುಂದೆ ಕಾಯಿ ಹೂವು ಮಾರುತ್ತಾಳೆ. ತಲೆನೋವು, ಚಾಳೀಸು ಬೇಕು ಅಂದಳು. ಬಲಗಣ್ಣು ಮುಚ್ಚಿಸಿ ನೋಡಿದೆ, ಎಡಗಣ್ಣು ಮುಚ್ಚಿಸಿ ನೋಡಿದೆ. ಕೊನೆಯ ಸಾಲಿನವರೆಗೂ ತಡವರಿಸದೆ ಓದಿದಳು. ಒತ್ತಡ ಸರಿಯಿತ್ತು. ನರದ ತುದಿ ಹೊಸ ಬಿಲ್ಲೆಯ ಹಾಗೆ ಗುಂಡಗೆ, ಗುಲಾಬಿಯಾಗಿತ್ತು. ದಿನವಿಡೀ ಬಿಸಿಲಿಗೆ ಕೂರುವವಳು, ನೀರು ಕುಡಿಯುವುದು ಕಡಿಮೆ. ಸರಕಾರಿ ದವಾಖಾನೆಯಲ್ಲಿ ಒಮ್ಮೆ ಬಿ.ಪಿ. ತೋರಿಸು ಎಂದು ಚೀಟಿ ಬರೆದೆ.

“ಅಂದ್ರ ನನಗ ಚಾಳೀಸ ಕೊಡೂದಿಲ್ಲೇನ್ರಿ?” ಅಂದಳು. ಇಷ್ಟು ದೂರ ಬಂದದ್ದು ದಂಡವಾಯಿತು ಎಂಬ ಬೇಸರ ಮುಖದಲ್ಲಿತ್ತು.

“ಇಲ್ಲವಾ. ನಿನ್ನ ಎರಡೂ ಕಣ್ಣು ಚಲೋ ಅದಾವ.”

ಆಕೆ ಅರೆಮನಸ್ಸಿನಿಂದಲೇ ಎದ್ದು ಚೀಟಿ ಸೆರಗಿಗೆ ಕಟ್ಟಿಕೊಂಡು ಹೋದಳು. ನಾನು ದಾಖಲೆ ಪುಸ್ತಕದಲ್ಲಿ ಆಕೆಯ ಹೆಸರಿನ ಮುಂದೆ ‘ಪರೀಕ್ಷೆ ಪೂರ್ಣ, ಕನ್ನಡಕ ಬೇಕಿಲ್ಲ’ ಎಂದು ಬರೆದು, ಹೊರಗೆ ಕೂತಿದ್ದವರಲ್ಲಿ ಮುಂದಿನವರನ್ನು ಕರೆದೆ.